ಕಲ್ಲಿನ ಕೆಳಗಿನ ಇದ್ದಿಲು

ಮೋಜಣಿ ಚಾಚಾ ಅವರ ಎಡಗಣ್ಣು ಸದಾ ಅರ್ಧ ಮುಚ್ಚಿಯೇ ಇರುತ್ತಿತ್ತು. ಮೋಜಣಿ ನೌಕರಿಯುದ್ದಕ್ಕೂ ಜಮೀನು ಅಳೆಯುವ ದುರ್ಬೀನಿಗೆ ಬಲಗಣ್ಣು ಒತ್ತಿ ಒತ್ತಿ ಅದು ಹಾಗೇ ನಿಂತುಬಿಟ್ಟಿತ್ತಂತೆ. ಆಳಂದ ಬಸ್ ನಿಲ್ದಾಣದಲ್ಲಿ ಒಬ್ಬಾಕೆ ಕಣ್ಣು ಹೊಡೆದರೆಂದು ಜಗಳಕ್ಕೆ ನಿಂತಾಗ, "ಸರಕಾರಿ ಕಣ್ಣರೀ ತಾಯಿ, ಪೂರಾ ತೆರೆಯಂಗಿಲ್ಲ" ಅಂದಿದ್ದರು.

ನಾನು ನರೋಣಾ ಕಡೆಯ ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ಮಕ್ಕಳಿಗೆ ನಮ್ಮ ಗುಡ್ಡದ ಇತಿಹಾಸ ಹೇಳೋಣವೆಂದು ಹಳೆಯ ನಕ್ಷೆ ಹುಡುಕುತ್ತಿದ್ದಾಗ ಯಾರೋ ಇವರ ಮನೆ ತೋರಿಸಿದರು. ಕಚೇರಿಯವರು ರದ್ದಿಗೆ ಹಾಕಿದ್ದ, ಬಟ್ಟೆಗೆ ಅಂಟಿಸಿದ ನಿಜಾಮರ ಕಾಲದ ನಕ್ಷೆಯೊಂದನ್ನು ಅವರು ತಂದು ಹಾಸಿಗೆಯ ಕೆಳಗೆ ಹರಡಿಟ್ಟಿದ್ದರು. ಮಡಚಿದರೆ ಮಡಿಕೆಯಲ್ಲಿ ಊರುಗಳು ಅಳಿಸಿಹೋಗುತ್ತವೆ ಎಂಬ ಹೆದರಿಕೆ ಅವರಿಗೆ. ಉರ್ದುವಿನಲ್ಲಿದ್ದ ಹೆಸರುಗಳನ್ನು ಅವರು ಓದುವರು, ನಾನು ಕನ್ನಡದಲ್ಲಿ ಬರೆದುಕೊಳ್ಳುವೆ. ರಜೆಯ ದಿನ ಇಬ್ಬರೂ ಗುಡ್ಡ ಹತ್ತುತ್ತಿದ್ದೆವು.

ಎತ್ತರ ತೋರಿಸುವ ಕಂದು ಗೆರೆಗಳ ನಡುವೆ ಒಂದು ಬಾವಿ, ಅದರ ಪಕ್ಕ ‘ಬೇಚಿರಾಕ್’ ಎಂಬ ಮಾತು ಇತ್ತು.

"ಬೇಚಿರಾಕ್ ಅಂದ್ರ ದೀಪ ಹಚ್ಚೋರಿಲ್ಲದ ಊರು, ಬೇಟಿ. ನಮ್ಮ ದಾದಿ, ಅಪ್ಪನ ಅವ್ವ, ಹುಟ್ಟಿದ್ದು ಇಲ್ಲೇ" ಎಂದರು.

ಹೋಗಿ ನೋಡಿದರೆ ಮನೆಗಳ ತಳಪಾಯ, ಒಡೆದ ಒರಳುಕಲ್ಲು, ಕುರಿಗಾರರು ಈಗಲೂ ನೀರು ಸೇದುವ ಬಾವಿ. ಆದರೆ ನಕ್ಷೆಯ ಪ್ರಕಾರ ಬಾವಿಯ ಆಚೆ ಇರಬೇಕಾದ ಗಡಿಯ ಬಾಂದುಕಲ್ಲು ಬಾವಿಯ ಈಚೆಗೆ ಬಂದು ನಿಂತಿತ್ತು. ಕಲ್ಲಿನಾಚೆ ಗುಡ್ಡ ಒಡೆಯುವ ಕಲ್ಲುಗಣಿಯವನ ಜಮೀನು. ಅಂದರೆ ಊರೂ ಬಾವಿಯೂ ಅವನ ಹೊಟ್ಟೆಗೆ ಹೋಗಿದ್ದವು.

ನನಗೆ ಮೈಯೆಲ್ಲ ಉರಿಯಿತು. ಚಾಚಾ ಮಾತ್ರ ನಕ್ಷೆ ನೋಡುತ್ತ, ಬಾವಿಕಟ್ಟೆಯಿಂದ ಹೆಜ್ಜೆ ಎಣಿಸುತ್ತ ಹೋಗಿ, ಒಂದು ಕಡೆ ಕೂತು ಅಗೆದರು. ಮೊಳದಷ್ಟು ಕೆಳಗೆ ಕಪ್ಪು ಇದ್ದಿಲು ಕಂಡಿತು.

"ಬಾಂದುಕಲ್ಲು ನೆಡೋ ಮುಂದ ತಳದಾಗ ಇದ್ಲಿ ಹಾಕ್ತಿದ್ರು. ಇದ್ಲಿ ಕೊಳೆಯಂಗಿಲ್ಲ. ಕಲ್ಲು ಕಿತ್ತವನಿಗಿ ಇದು ಗೊತ್ತಿರಂಗಿಲ್ಲ" ಎಂದು ಮತ್ತೆ ಮಣ್ಣು ಮುಚ್ಚಿ, ಮೇಲೆ ಮುಳ್ಳಿನ ಟೊಂಗೆ ಎಳೆದರು. "ಮೋಜಣಿ ಕಚೇರಿ ಸಾಹೇಬ್ರು ಬರ್ಲಿ. ಅವರ ಕಣ್ಣ ಮುಂದ ಅಗದು ಪಂಚನಾಮಾ ಮಾಡಸೋಣು. ಅಲ್ಲೀತನಾ ಮುಟ್ಟಬ್ಯಾಡ."

ಸಾಹೇಬ ಬರಲಿಲ್ಲ. ಮೂರು ಸಲ ಅರ್ಜಿ ಕೊಟ್ಟೆವು. ಒಮ್ಮೆ ಮೀಟಿಂಗ್, ಒಮ್ಮೆ ಜೀಪಿಲ್ಲ, ಒಮ್ಮೆ ಬಿಸಿಲು. ಈ ಸೀಮೆಯಲ್ಲಿ ನೌಕರಿ ಮಾಡುವವನಿಗೆ ಬಿಸಿಲಂತೆ! ಎಂಬತ್ತು ದಾಟಿದ ಮುದುಕರು ಹತ್ತಿ ಇಳಿಯುವ ಗುಡ್ಡ ಅದು.

"ಹಳೇ ಕಾಗದರೀ ಅದು. ನಮ್ಮ ಕಂಪ್ಯೂಟರಿನ್ಯಾಗ ಆ ಊರೇ ಇಲ್ಲ" ಎಂದು ನಮ್ಮ ನಕ್ಷೆಯ ಬಗ್ಗೆ ಸಾಹೇಬ ಚಹಾ ಕುಡಿಯುತ್ತ ಹೇಳಿದ.

ನನ್ನ ಸಿಟ್ಟು ನೆತ್ತಿಗೇರಿತು. ಒಂದು ಭಾನುವಾರ ಚಾಚಾಗೆ ಹೇಳದೆ ಗುಡ್ಡಕ್ಕೆ ಹೋದೆ. ಇದ್ದಿಲನ್ನೆಲ್ಲ ಬಗೆದು ಚೀಲಕ್ಕೆ ತುಂಬಿ ತಂದು, ಸೋಮವಾರ ಸಾಹೇಬನ ಮೇಜಿನ ಮೇಲೆ ಸುರಿದೆ. ನಾಚಿಕೆಯಾಗಲಿ ಅವನಿಗೆ ಎಂದು. ಅವನು ನಕ್ಕ.

"ಇದ್ಲಿ ಎಲ್ಲಿ ಸಿಗಂಗಿಲ್ರಿ ಅಕ್ಕೋರ? ಇಸ್ತ್ರಿ ಅಂಗಡಿಗಿ ಹೋದ್ರ ಚೀಲಗಟ್ಟಲೆ ಸಿಗ್ತದ."

ಅವತ್ತೇ ಮಧ್ಯಾಹ್ನ ಅವನಿಗೆ ಜೀಪು ಸಿಕ್ಕಿತು. ಬಿಸಿಲೂ ಅಡ್ಡ ಬರಲಿಲ್ಲ. ನೇರ ಗುಡ್ಡಕ್ಕೆ ಹೋಗಿ ಬಂದನಂತೆ.

ಸಂಜೆ ಚಾಚಾ ಮನೆಗೆ ಓಡಿ ಎಲ್ಲ ಹೇಳಿದೆ. ಅವರು ಎದ್ದು ನಿಂತರು. "ಇದ್ಲಿ ಒಯ್ದ್ರಿ. ಜಾಗಾ ಹ್ಯಾಂಗ ಒಯ್ತೀರಿ ಅಕ್ಕೋರ?" ಎಂದರು. ಬೇಟಿ ಎನ್ನುತ್ತಿದ್ದವರು ಅಂದು ಅಕ್ಕೋರ ಎಂದರು. ಇದ್ದಿಲು ಇದ್ದಲ್ಲಿ ಇದ್ದರೆ ಮಾತ್ರ ಸಾಕ್ಷಿ. ಮಕ್ಕಳಿಗೆ ನಕ್ಷೆ ಓದುವುದನ್ನು ಕಲಿಸುವ ನನಗೆ ಇಷ್ಟು ಹೊಳೆದಿರಲಿಲ್ಲ.

ಸಾಹೇಬನ ವರದಿ ಬರುವಷ್ಟರಲ್ಲಿ ಚಾಚಾ ಹಾಸಿಗೆ ಹಿಡಿದಿದ್ದರು. ಪಕ್ಕ ಕೂತು ನಾನೇ ಓದಿದೆ. ಹಳೆಯ ಊರಿನ ಕುರುಹು ಇಲ್ಲ. ಬಾವಿ ಇಲ್ಲ. ಕಣ್ಣೆದುರು ಕುರಿಗಳು ನೀರು ಕುಡಿಯುವ ಬಾವಿ ಇಲ್ಲವಂತೆ! ಹಲ್ಲು ಕಚ್ಚಿ ಮುಂದೆ ಓದಿದೆ. ಕಲ್ಲು ಇದ್ದ ಗುರುತು ಇಲ್ಲ, ಇತ್ತೀಚೆಗೆ ಯಾರೋ ಅಗೆದ ಗುಂಡಿ ಮಾತ್ರ ಇದೆ. ಅಲ್ಲಿಗೆ ಕಾಗದ ಕೆಳಗಿಟ್ಟೆ.

"ಮುಗೀತೇನು?"

"ಮುಗೀತ್ರಿ ಚಾಚಾ."

"ಕಡೀ ಸಾಲೊಂದು ಖರೇ ಬರದಾನ ಬೇಟಿ" ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆ ಮಳೆಗಾಲ ಮುಗಿಯುವ ಮೊದಲೇ ಅವರು ತೀರಿಕೊಂಡರು. ಗಣಿಯವನು ಬಾವಿಗೆ ಕಲ್ಲುಪುಡಿ ಸುರಿದು ಮುಚ್ಚಿದ. ಕುರಿಗಾರರು ನೀರಿಗಾಗಿ ಗುಡ್ಡ ಸುತ್ತಿ ಇಳಿಯುತ್ತಾರೆ, ಶಾಲೆಯ ಮುಂದೆಯೇ ಹಾಯುತ್ತಾರೆ. ಸಾಹೇಬನನ್ನು ನಾನು ದಿನಾ ಬೈಯುತ್ತೇನೆ, ಉಸಿರಿರುವವರೆಗೆ ಬೈಯುತ್ತೇನೆ. ಆದರೆ ಅವನ ಸುಳ್ಳು ವರದಿಗೆ ಬೇಕಾಗಿದ್ದ ಒಂದೇ ಒಂದು ನಿಜವನ್ನು ಅಗೆದು ಕೊಟ್ಟವಳು ನಾನು.