ಕೊಟ್ಟಿಗೆಯ ಟರ್ಬೊ ಮತ್ತು ನನ್ನ ಹತ್ತು ಅಂಕಿ

ಹೊಸಕೆರೆಹಳ್ಳಿಯ ಆ ಕೊಟ್ಟಿಗೆಗೆ ನಾನು ಹೋದದ್ದು ಎರಡೇ ಸಲ. ಮೊದಲನೆಯದು ವರದಿಗಾರನಾಗಿ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಆಯುಧಪೂಜೆಯ ದಿನ. ಎರಡನೆಯದು ನಿವೃತ್ತನಾದ ಮೇಲೆ, ಕಳೆದ ವರ್ಷದ ಒಂದು ಭಾನುವಾರ ಬೆಳಿಗ್ಗೆ, ಒಬ್ಬ ಮೆಕ್ಯಾನಿಕ್ ಕಳ್ಳನೋ ಅಲ್ಲವೋ ಎಂಬುದಕ್ಕೆ ಸಾಕ್ಷಿಯಾಗಿ.

ಕೊಟ್ಟಿಗೆಯಲ್ಲಿ ದನ ಇಲ್ಲದೆ ಬಹಳ ಕಾಲವಾಗಿತ್ತು. ಗೋಡೆಗುಂಟ ಗೋದಲಿ ಮಾತ್ರ ಉಳಿದಿತ್ತು. ನಡುವೆ ನಿಂತಿದ್ದದ್ದು ಜರ್ಮನಿಯ ಹಳೆಯ ಟರ್ಬೊ ಸ್ಪೋರ್ಟ್ಸ್ ಕಾರು. ಮನೆಯ ಯಜಮಾನರ ತಂದೆ ಕೆರೆಯ ಕೆಳಗೆ ಭತ್ತ ಬೆಳೆಯುತ್ತಿದ್ದವರು. ಗದ್ದೆ ಸೈಟುಗಳಾಗಿ, ಸೈಟುಗಳಲ್ಲಿ ಮನೆಗಳೆದ್ದವು. ಅವುಗಳಲ್ಲೊಂದಕ್ಕೆ ಬಾಡಿಗೆಗೆ ಬಂದಿದ್ದ ವಿದೇಶಿ ಎಂಜಿನಿಯರ್ ತನ್ನ ದೇಶಕ್ಕೆ ಮರಳುವಾಗ ಕಾರನ್ನು ಅವರಿಗೇ ಬಿಟ್ಟುಹೋಗಿದ್ದ. ಅಂದಿನಿಂದ ಅದನ್ನು ನೋಡಿಕೊಂಡವರು ತಿಲಕ್ ನಗರದ ಒಬ್ಬ ಮೆಕ್ಯಾನಿಕ್. ಮನೆಯವರೆಲ್ಲ ಅವರನ್ನು ಕರೆಯುತ್ತಿದ್ದದ್ದು ಮೇಸ್ತ್ರಿ ಎಂದು.

ಆರೋಪ ಇಷ್ಟು. ಹಳೆಯ ಕಾರುಗಳ ಪ್ರದರ್ಶನಕ್ಕೆ ಕಳಿಸಬೇಕೆಂದು ಯಜಮಾನರು ಕಾರನ್ನು ತೋರಿಸಿದಾಗ, ಇದು ಯಾವ ಮಾದರಿ ಎಂದು ಯಾರಿಗೂ ಖಚಿತವಾಗಿ ಹೇಳಲಾಗಲಿಲ್ಲ. ಆರ್‌ಸಿ ಪುಸ್ತಕ ಒಮ್ಮೆ ಕೆರೆ ಉಕ್ಕಿ ಮನೆಗೆ ನೀರು ನುಗ್ಗಿದಾಗ ನೆನೆದು, ಶಾಯಿಯ ಬರಹವೆಲ್ಲ ಹರಡಿಹೋಗಿತ್ತು. ಉಳಿದಿದ್ದ ಒಂದೇ ದಾಖಲೆ ಎಂದರೆ ಹಿಂದೆ ನಾನು ಬರೆದಿದ್ದ ಲೇಖನ. ಅದು ಫ್ರೇಮಿನೊಳಗೆ ಕೊಟ್ಟಿಗೆಯ ಗೋಡೆಯ ಮೇಲಿತ್ತು. ಅದರಲ್ಲಿ ಎಂಜಿನ್ ನಂಬರನ್ನೂ ಕೊಟ್ಟಿದ್ದೆ. ಕಾರಿನ ಎಂಜಿನ್ ಮೇಲಿದ್ದ ನಂಬರ್ ಬೇರೆ. ಅಂದರೆ ಮೇಸ್ತ್ರಿ ಒಳ್ಳೆಯ ಎಂಜಿನ್ ಕಳಚಿಕೊಂಡು ಹಳೆಯದೊಂದನ್ನು ಕೂರಿಸಿದ್ದಾನೆ ಎಂದು ಯಜಮಾನರು ತೀರ್ಮಾನಿಸಿದರು. ಲೇಖನ ತೋರಿಸಿ ಮೇಸ್ತ್ರಿಯನ್ನು ಒಂದು ಮಾತು ಕೇಳಲೂ ಇಲ್ಲ; ಫೋನಿನಲ್ಲಿ ಬೈದು, ಕಾರಿನ ಕೀಲಿ ವಾಪಸ್ ತರಿಸಿಕೊಂಡರು. ಸುದ್ದಿ ಹರಡಿ, ವರ್ಷಗಳಿಂದ ಬರುತ್ತಿದ್ದ ಇಬ್ಬರು ಗಿರಾಕಿಗಳು ಗ್ಯಾರೇಜಿನಿಂದ ತಮ್ಮ ಗಾಡಿ ತೆಗೆದುಕೊಂಡು ಹೋದರು.

ಆ ಬೆಳಿಗ್ಗೆ ಮೇಸ್ತ್ರಿ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಂದಿದ್ದರು. ವಯಸ್ಸು ಎಪ್ಪತ್ತರ ಹತ್ತಿರ. ಎರಡು ಹೆಜ್ಜೆ ಮುಂದಿಡುವಷ್ಟರಲ್ಲಿ ಯಜಮಾನರು ಕೈ ಅಡ್ಡ ಮಾಡಿದರು.

"ಅಲ್ಲೇ ನಿಂತ್ಕೊ ಮೇಸ್ತ್ರಿ. ಗಾಡಿ ಮುಟ್ಬೇಡ. ಮೇಡಂ ನೋಡ್ಲಿ ಮೊದ್ಲು."

"ಮುಟ್ಟಲ್ಲ ಯಜಮಾನ್ರೇ. ಇಷ್ಟ್ ವರ್ಷ ಮುಟ್ಟಿದ್ದೇ ಸಾಕಾಯ್ತು."

ಮೇಡಂ ಎಂದರೆ ಜೆ.ಪಿ. ನಗರದಿಂದ ಬಂದಿದ್ದ ಪರೀಕ್ಷಕಿ, ಇಂಥ ಕಾರುಗಳನ್ನು ಬಲ್ಲ ಎಂಜಿನಿಯರ್. ಟಾರ್ಚ್ ಹಿಡಿದು ಕಾರಿನ ಹಿಂಭಾಗದಲ್ಲಿ ಮಂಡಿಯೂರಿದರು. ಈ ಕಾರಿಗೆ ಎಂಜಿನ್ ಇರುವುದು ಹಿಂದೆ. ಅದರ ಮುಚ್ಚಳದ ಮೇಲೆ ಅಗಲವಾದ ರೆಕ್ಕೆ.

"ಅಂಕಲ್, ರೆಕ್ಕೆ ಒಂದ್ ಕಥೆ ಹೇಳ್ತಿದೆ, ಎಂಜಿನ್ ಇನ್ನೊಂದು," ಎಂದರು ಯಜಮಾನರಿಗೆ. "ಸುತ್ತ ಅಂಚು ಮೇಲೆದ್ದಿರೋ ಈ ರೆಕ್ಕೆ ಎರಡನೇ ಮಾದರೀದು. ಹಾಗಿದ್ರೆ ಇದರ ಕೆಳಗೆ ಗಾಳಿ ತಣ್ಣಗೆ ಮಾಡೋ ಇಂಟರ್‌ಕೂಲರ್ ಇರ್ಬೇಕು. ಇಲ್ಲ. ಎಂಜಿನ್ ಮೊದಲನೇ ಮಾದರೀದು."

"ಹಳೇ ರೆಕ್ಕೆ ಮೇಲೆ ತೆಂಗಿನಗೊನೆ ಬಿತ್ತು ಮೇಡಂ," ಎಂದರು ಮೇಸ್ತ್ರಿ ನಿಂತಲ್ಲಿಂದಲೇ. "ಸಿಕ್ಕಿದ್ದು ಇದೊಂದೇ, ಹಾಕ್ದೆ. ದೊಡ್ಡ ಯಜಮಾನ್ರು ಪಕ್ಕದಲ್ಲೇ ಇದ್ರು."

"ನಮ್ಮಪ್ಪ ಈಗ ಎದ್ದು ಬಂದು ಸಾಕ್ಷಿ ಹೇಳ್ತಾರಾ?"

ಯಜಮಾನರು ನನ್ನ ಕಡೆ ತಿರುಗಿದರು. "ನೀವ್ ಓದಿ ಸಾರ್."

ನನ್ನ ಚೀಲದಲ್ಲಿ ಅಂದಿನ ನೋಟ್‌ಬುಕ್ ಇತ್ತು. ಲೇಖನದ ನಂಬರನ್ನು ಹಿಂದಿನ ದಿನವೇ ಅದರೊಂದಿಗೆ ತಾಳೆ ನೋಡಿದ್ದೆ. ತಪ್ಪಿರಲಿಲ್ಲ. ನಾನು ನಂಬರನ್ನು ಕೈಯಲ್ಲಿ ಬರೆದುಕೊಂಡಿರಲಿಲ್ಲ. ಅಂದು ಆರ್‌ಟಿಒ ಕಚೇರಿಗೆಂದು ಮೇಸ್ತ್ರಿ, ಕಾರಿನಲ್ಲಿ ಎರಡು ಕಡೆ ಕೊರೆದಿದ್ದ ಅಂಕಿಗಳ ಮೇಲೆ ಪೆನ್ಸಿಲ್ ಉಜ್ಜಿ, ಸೆಲೋಟೇಪಿನಲ್ಲಿ ಅಚ್ಚು ಎತ್ತುತ್ತಿದ್ದರು. ನನಗೂ ಒಂದು ಜೊತೆ ಎತ್ತಿಕೊಟ್ಟಿದ್ದರು. ನೋಟ್‌ಬುಕ್ಕಿನಲ್ಲಿ ಆ ಎರಡು ಪಟ್ಟಿಗಳು ಹಾಗೇ ಇದ್ದವು. ಮೇಸ್ತ್ರಿಯ ವಿರುದ್ಧದ ಸಾಕ್ಷ್ಯವನ್ನು ಮೇಸ್ತ್ರಿಯ ಕೈಯಿಂದಲೇ ಪಡೆದುಕೊಂಡವನು ನಾನು.

ಲೇಖನದಲ್ಲಿ ಕೊಟ್ಟಿದ್ದ ಉದ್ದದ ಪಟ್ಟಿಯನ್ನು ಒಂದೊಂದೇ ಅಂಕಿಯಾಗಿ ಓದಿದೆ. ಯಜಮಾನರು ಫ್ರೇಮಿನ ಮೇಲೆ ಬೆರಳಿಟ್ಟು ನೋಡುತ್ತಾ ಹೋದರು.

"ಕೇಳಿಸ್ಕೊಂಡ್ಯಾ? ಪೇಪರ್‌ನಲ್ಲಿ ಬಂದಿದ್ದು ಸುಳ್ಳಾಗುತ್ತಾ?"

ಮೇಸ್ತ್ರಿ ತಮ್ಮ ಕೈಗಳನ್ನು ಅಂಗಿಗೆ ಒರೆಸಿಕೊಂಡರು. ಕೈಯಲ್ಲಿ ಗ್ರೀಸ್ ಇರಲಿಲ್ಲ.

ಹಿಂದಿನಿಂದ ಪರೀಕ್ಷಕಿಯ ದನಿ ಬಂತು. "ಸಾರ್, ನೀವ್ ಓದಿದ್ದು ಎಷ್ಟು ಅಂಕಿ?"

"ಹತ್ತು."

"ಈ ಎಂಜಿನ್ ಮೇಲೆ ಇರೋದು ಏಳು. ಆ ಕಾಲದ ಈ ಎಂಜಿನ್‌ಗಳಿಗೆ ಏಳೇ ಇರೋದು. ಹತ್ತಂಕಿ ಎಲ್ಲಿಂದ ತಂದ್ರಿ?"

ಆಯುಧಪೂಜೆಯ ಆ ದಿನ ನನಗೆ ನಿಚ್ಚಳವಾಗಿ ನೆನಪಿತ್ತು. ಟ್ರ್ಯಾಕ್ಟರ್, ಪಂಪ್‌ಸೆಟ್ ಎಲ್ಲದರ ಎಂಜಿನ್ ನಂಬರಿಗೆ ಕುಂಕುಮ ಇಡುವುದು ಆ ಮನೆಯ ರೂಢಿ. ಕಾರಿನ ಮುಂದಿನ ಮುಚ್ಚಳ ಎತ್ತಿ, ಅಲ್ಲಿ ಕೊರೆದಿದ್ದ ನಂಬರಿಗೂ ಎಣ್ಣೆಯಲ್ಲಿ ಕಲಸಿದ ಕುಂಕುಮ ಮೆತ್ತಿದ್ದರು. ಎರಡು ಪಟ್ಟಿಗಳಲ್ಲಿ ಎಂಜಿನ್ನಿನದು ಯಾವುದು ಎಂದು ನಾನು ಕೇಳಿದ್ದು ದೊಡ್ಡ ಯಜಮಾನರನ್ನು. "ಪೂಜೆ ಮಾಡಿರೋದೇ ಎಂಜಿನ್ದು," ಎಂದಿದ್ದರು ಅವರು. ಹಾಗೇ ಬರೆದೆ. ಎಂಜಿನ್ ಹಿಂದಿದೆ ಎಂದೂ ಅದೇ ಲೇಖನದಲ್ಲಿ ಬರೆದಿದ್ದೆ.

"ಮುಂದಿನಿಂದ," ಎಂದೆ.

ಪರೀಕ್ಷಕಿ ಮುಂದಿನ ಮುಚ್ಚಳ ಎತ್ತಿಸಿದರು. ವರ್ಷವರ್ಷವೂ ಮೆತ್ತಿದ ಕುಂಕುಮ ಅಂಗೈಯಷ್ಟು ಗಟ್ಟಿ ಹಕ್ಕಳೆಯಾಗಿತ್ತು. ಅವರು ವೈರ್ ಬ್ರಷ್ ತೆಗೆದದ್ದೇ ತಡ, ಯಜಮಾನರು, "ಬೇಡ ಮೇಡಂ, ದೇವರ ಕುಂಕುಮ," ಎಂದು ಕೊಬ್ಬರಿ ಎಣ್ಣೆ ತರಿಸಿ ತಾವೇ ಉಗುರಿನಿಂದ ಬಿಡಿಸತೊಡಗಿದರು. ಕಾಲು ಗಂಟೆ ಹಿಡಿಯಿತು. ಮೇಸ್ತ್ರಿ ಅಷ್ಟು ಹೊತ್ತೂ ಬಾಗಿಲ ಕಡೆಯೇ ನೋಡುತ್ತಿದ್ದರು. ಅಂಕಿಗಳು ಒಂದೊಂದಾಗಿ ಮೇಲೆದ್ದವು. ಎಣ್ಣೆಯ ಕೆಳಗೆ ತುಕ್ಕು ತಾಗಿರಲಿಲ್ಲ. ಹತ್ತೂ ಅಂಕಿ ನನ್ನ ಪಟ್ಟಿಯವೇ.

"ಇದು ಚಾಸಿಸ್ ನಂಬರ್," ಎಂದರು ಪರೀಕ್ಷಕಿ. "ಮೊದಲ ಮೂರು ಅಂಕಿ ಹುಟ್ಟಾ ಟರ್ಬೊ ಅನ್ನುತ್ತೆ. ನಾಲ್ಕನೇದು ವರ್ಷ. ಇದು ಮೊದಲನೇ ಮಾದರಿ. ಬಾಡಿನೂ ಅದೇ, ಎಂಜಿನ್ನೂ ಅದೇ ಮಾದರಿ."

"ಮಾದರಿ ಅದೇ ಇರ್ಬಹುದು," ಎಂದರು ಯಜಮಾನರು, ದನಿ ಸ್ವಲ್ಪ ಇಳಿದಿತ್ತು. "ಎಂಜಿನ್ ಇದರದ್ದೇ ಅನ್ನೋಕೆ ಏನ್ ಗ್ಯಾರಂಟಿ?"

ನಾನು ಚಿಕ್ಕ ಪಟ್ಟಿಯ ಮೇಲೆ ಬೆರಳಿಟ್ಟೆ. ಪರೀಕ್ಷಕಿ ಟಾರ್ಚ್ ಹಿಡಿದು ಮತ್ತೆ ಹಿಂದಕ್ಕೆ ಹೋದರು. ನಾನು ಒಂದು ಅಂಕಿ ಓದಿದರೆ ಅಲ್ಲಿಂದ ಒಂದು "ಹೂಂ". ಐದನೆಯದಕ್ಕೆ ತಡವಾಯಿತು. ಬಟ್ಟೆಯಿಂದ ಉಜ್ಜುವ ಸದ್ದು, ಆಮೇಲೆ "ಹೂಂ". ಏಳನೆಯದಕ್ಕೂ "ಹೂಂ".

"ಅದೇ ಎಂಜಿನ್. ರೆಕ್ಕೆ ಒಂದೇ ಹೊರಗಿಂದು."

ಮೇಸ್ತ್ರಿ ಯಜಮಾನರನ್ನು ನೋಡಲಿಲ್ಲ, ನನ್ನನ್ನು ನೋಡಿದರು. "ಅವತ್ತು ಉಜ್ಜಿ ಕೊಟ್ಟೋನು ನಾನೇ ಅಲ್ವಾ ಸಾರ್. ಯಾವ್ದು ಯಾವ್ದು ಅಂತ ನನ್ನೇ ಒಂದ್ ಮಾತು ಕೇಳ್ಬಾರ್ದಿತ್ತಾ?"

"ಕೇಳಬೇಕಿತ್ತು. ಕೇಳಲಿಲ್ಲ. ತಪ್ಪು ನಂದು."

ಯಜಮಾನರು ಜೇಬಿನಿಂದ ಕೀಲಿ ತೆಗೆದು ಚಾಚಿದರು. ಕುಂಕುಮದಿಂದ ಬೆರಳುಗಳೆಲ್ಲ ಕೆಂಪಾಗಿದ್ದವು. ಮೇಸ್ತ್ರಿ ಕೈ ಮುಂದೆ ಮಾಡಲಿಲ್ಲ.

"ಮೊದ್ಲು ಗೋಡೆ ಮೇಲಿರೋದು ಸರಿ ಮಾಡ್ಸಿ ಯಜಮಾನ್ರೇ."

ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು, ಗೋದಲಿಯ ಕಟ್ಟೆಯ ಮೇಲಿಟ್ಟು ಬರೆದೆ. 'ಈ ಲೇಖನದಲ್ಲಿ ಎಂಜಿನ್ ನಂಬರ್ ಎಂದು ಕೊಟ್ಟಿರುವುದು ಚಾಸಿಸ್ ನಂಬರ್. ಕಾರಿನಲ್ಲಿರುವುದು ಅದರ ಮೂಲ ಎಂಜಿನ್. ತಪ್ಪು ವರದಿಗಾರನದು.' ಕೆಳಗೆ ಸಹಿ ಹಾಕಿದೆ.

"ಜೋರಾಗಿ ಓದಿ," ಎಂದರು ಮೇಸ್ತ್ರಿ.

ಓದಿದೆ. ಯಜಮಾನರು ಫ್ರೇಮ್ ಇಳಿಸಿ, ಹಾಳೆಯನ್ನು ಗಾಜಿನೊಳಗೆ, ಲೇಖನದ ಮೇಲೆಯೇ ಸೇರಿಸಿ ಮತ್ತೆ ಮೊಳೆಗೆ ನೇತುಹಾಕಿದರು. ಆಗ ಮೇಸ್ತ್ರಿ ಕೀಲಿ ತೆಗೆದುಕೊಂಡರು.

"ಕಾಫಿ ಕುಡ್ಕೊಂಡ್ ಹೋಗಿ ಮೇಸ್ತ್ರಿ," ಎಂದರು ಯಜಮಾನರು. ಆ ಬೆಳಿಗ್ಗೆ ಅವರು ಮೇಸ್ತ್ರಿಗೆ ಬಹುವಚನ ಬಳಸಿದ್ದು ಅದೇ ಮೊದಲು.

"ಬುಧವಾರ ಬರ್ತೀನಿ ಗಾಡಿ ತಗೊಂಡೋಗಕ್ಕೆ," ಎಂದು ಮೇಸ್ತ್ರಿ ಸ್ಕೂಟರ್ ಸ್ಟಾರ್ಟ್ ಮಾಡಿದರು. ಕಾಫಿ ಕುಡಿಯಲಿಲ್ಲ.