ಹನ್ನೊಂದನೇ ಪುಟದ ಸಾವು

ವಿದ್ಯಾನಗರದ ಗುರುಶಿದ್ದಪ್ಪ ಮಾಸ್ತರರ ಮನೆಯಲ್ಲಿ ಒಂದು ಪದ್ಧತಿ ಇತ್ತು. ಅವರು ಬರೆದದ್ದನ್ನು ಸೊಸೆ ವಿದ್ಯಾ ಶುದ್ಧಪ್ರತಿ ಮಾಡಿ, ಅಡುಗೆಮನೆಯಲ್ಲಿ ಗಟ್ಟಿಯಾಗಿ ಓದಬೇಕು. ಅಕ್ಷರ ಬಾರದ ರೇಣವ್ವ ರೊಟ್ಟಿ ಬಡಿಯುತ್ತ ಕೇಳುತ್ತಿದ್ದಳು. ಅವಳಿಗೆ ತಿಳಿಯದ ವಾಕ್ಯವನ್ನು ಮಾಸ್ತರರು ತಿದ್ದುತ್ತಿದ್ದರು. ವಿಧವೆಯ ಮರುಮದುವೆ ಕುರಿತು ಅವರು ಬರೆದ, ಹಿಂದಿನ ವರ್ಷ ಬಹುಮಾನ ಬಂದ ಕಾದಂಬರಿಯೂ ಅದೇ ಒಲೆಯ ಮುಂದೆ ಹಾದು ಹೋಗಿತ್ತು.

1996ರಲ್ಲಿ ರೇಣವ್ವನಿಗೆ ಎಪ್ಪತ್ತೊಂದು. ಶಿರಗುಪ್ಪಿ ಕಡೆಯ ದೂರದ ಸಂಬಂಧಿ, ಹದಿನೇಳು ವರ್ಷದಿಂದ ಅಡುಗೆಗೆ ಇದ್ದಾಳೆ. ಮದುವೆಯಾಗಿ ಬಂದ ವಿದ್ಯಾಗೆ ಹೇಳಿದ್ದು ಇಷ್ಟೇ. ಬಿ.ಎಸ್ಸಿ. ಓದಿದ ಅವಳು ಒಂದು ಸಂಗತಿ ಗಮನಿಸಿದ್ದಳು. ಮನೆಮಂದಿಯನ್ನೆಲ್ಲ ಹೆಸರು ಹಿಡಿದು ಕರೆಯುವ ಮುದುಕಿ ಮಾಸ್ತರರನ್ನು ಮಾತ್ರ ಏನೆಂದೂ ಕರೆಯುತ್ತಿರಲಿಲ್ಲ. ಊಟಕ್ಕೆ ಕರೆಯಬೇಕಾದರೆ ತಾಟನ್ನು ಸಪ್ಪಳ ಮಾಡಿ ಇಡುತ್ತಿದ್ದಳು.

ಆ ಶ್ರಾವಣದಲ್ಲಿ ಮಾಸ್ತರರು ಆತ್ಮಕಥೆಗೆ ಕೈಹಾಕಿದರು. ವಿದ್ಯಾ ಹನ್ನೊಂದನೇ ಪುಟ ಓದಿದಳು: “ನನಗೆ ನಾಲ್ಕು ತುಂಬಿದಾಗ ತಂದೆ ಹೋದರು. ಆರು ತಿಂಗಳಲ್ಲಿ, ಅದೇ ಕೊರಗಿನಲ್ಲಿ, ತಾಯಿ ಪ್ರಾಣ ಬಿಟ್ಟಳು. ಅಂಥ ಪತಿವ್ರತೆಯ ಹೊಟ್ಟೆಯಲ್ಲಿ ಹುಟ್ಟಿದ್ದು ನನ್ನ ಪುಣ್ಯ.”

ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

“ತಿಳೀಲಿಲ್ಲೇನು ಆಯಿ?”

“ತಿಳೀತು. ಸುಳ್ಳೈತಿ. ಆಕಿ ಸತ್ತಿಲ್ಲ, ಉಡಿಕಿ ಆದ್ಲು.” ಉಡಿಕಿ ಎಂದರೆ ಗಂಡ ಸತ್ತವಳು ಮಾಡಿಕೊಳ್ಳುವ ಎರಡನೇ ಮದುವೆ. “ಇಪ್ಪತ್ತು ವರ್ಷದಾಕಿ. ಹೋಗೂದಾದ್ರ ಹೋಗು, ಕೂಸು ನಮ್ಮ ಮನಿತನದ್ದು ಅಂದ್ರು ಹಿರ್ಯಾರು. ಬಿಟ್ಟು ಹೋದ್ಲು.”

“ನೀವು ಆಕೀನ್ನ ನೋಡೀರೇನು?”

“ಹುಚ್ಚಿ. ಇಲ್ಲೇ ಕುಂತೇನಲ್ಲ.”

ವಿದ್ಯಾಳ ಕೈಯ ಹಾಳೆ ಜಾರಿ ಹಿಟ್ಟಿನ ಮೇಲೆ ಬಿತ್ತು. ಮೂರು ವರ್ಷ ಈಕೆಗೆ ಅವಳು ತನ್ನ ಹಳೇ ಸೀರೆ ಕೊಟ್ಟಿದ್ದಳು. ಅಡುಗೆಮನೆಯ ಮೂಲೆಯಲ್ಲಿ ಹಾಸಿಗೆ ಹಾಸಿದ್ದಳು.

“ಎರಡನೇದಾಂವ ಸತ್ತಮ್ಯಾಲೆ ಬಂದೆ. ಇರು, ಆದ್ರ ನನಗ ಮಗ ಅನಬ್ಯಾಡ ಅಂದಾ. ನನ್ನ ರೊಟ್ಟಿ ಉಣ್ತಾನಲ್ಲ, ಸಾಕು ಅಂತ ಇದ್ದೆ. ಈಗ ಸಾಯಿಸೇ ಬಿಟ್ನಲ್ಲವಾ.”

ವಿದ್ಯಾ ಹಾಳೆ ಹಿಡಿದು ಪಡಸಾಲೆಗೆ ನಡೆದಳು. ಹಿಂದೆಯೇ ರೇಣವ್ವ ಬಂದು ಬಾಗಿಲಲ್ಲಿ ನಿಂತಳು.

“ಮಾವಾರ, ಈ ಸಾಲು ತಗೀರಿ.”

ಮಾಸ್ತರರು ಬಾಗಿಲ ಕಡೆ ನೋಡಿದರು. ಮುಖ ಬಿಳಿಚಿತು. ದನಿ ಮಾತ್ರ ಪಾಠ ಹೇಳುವ ದನಿಯೇ. “ಇರ್ಲಿ ಬಿಡು. ಮಗಳು ದುರ್ಗಾನ ಲಗ್ನದ ಮಾತು ನಡದೈತಿ. ಮನಿತನದ ಮಾನ ಅಂತೊಂದು ಐತಿ.”

“ನಿಮ್ಮ ಕಾದಂಬರ್ಯಾಗ ವಿಧವಿ ಲಗ್ನಾದ್ರ ಊರ ಮಂದಿ ಹೂವು ಹಾಕ್ತಾರಲ್ರಿ?”

“ಅದು ಕಾದಂಬರಿ.”

ವಿದ್ಯಾ ಶುದ್ಧಪ್ರತಿ ಹರಿದಳು. ಖಾಲಿ ಹಾಳೆಯನ್ನು ಮೇಜಿನ ಮೇಲಿಟ್ಟಳು. “ಹಂಗಾದ್ರ ಈ ಸಾಲು ಆಯಿ ಕಣ್ಮುಂದ ನೀವ ಬರೀರಿ.”

ಅವರು ಬರೆಯಲಾರರೆಂದೇ ಅವಳು ತಿಳಿದಿದ್ದಳು. ಮಾಸ್ತರರು ಪೆನ್ನಿನ ಟೋಪಿ ತೆಗೆದು ಅದೇ ಸಾಲು ಬರೆದರು. ಅಲ್ಪವಿರಾಮ ಕೂಡ ತಪ್ಪಲಿಲ್ಲ.

“ಮುಗೀತೇನಪಾ ಗುರುಶಿದ್ದ?” ರೇಣವ್ವ ಹೆಸರು ಹಿಡಿದು ಕೇಳಿದಳು. ಮಾಸ್ತರರು ಬೆಚ್ಚಿ ತಲೆ ಎತ್ತಿದರು. “ಸತ್ತಾಕಿ ಕೈಲೆ ರೊಟ್ಟಿ ಉಣಬ್ಯಾಡ ಮತ್ತ.”

ಒಳಗೆ ಹೋಗಿ ಹಂಚು ಇಳಿಸಿದಳು; ಕೈ ತೊಳೆದು ಗಂಟು ಕಟ್ಟಿದಳು. ಶಿರಗುಪ್ಪಿಯಲ್ಲಿ ತಮ್ಮನ ಮನೆಯಿತ್ತು. ವಿದ್ಯಾ ಜೊತೆಗೆ ಹೋಗಿ ಬಸ್ಸು ಹತ್ತಿಸಿದಳು.

ಅವಳು ಮರಳಿದಾಗ ಎರಡು ಗಂಟೆ. ಮಾಸ್ತರರು ಅದೇ ಕುರ್ಚಿಯಲ್ಲಿ, ಅಡುಗೆಮನೆಗೆ ಕಿವಿಗೊಟ್ಟು ಕೂತಿದ್ದರು. ವಿದ್ಯಾ ತಾಟು ಇಡಲಿಲ್ಲ.