ಹಗಲಿಗೆ ನೀಲ, ದೀಪಕ್ಕೆ ನೇರಳೆ

ರವಿಕೆ ಬಟ್ಟೆಯನ್ನು ಅಂಗಡಿಯ ಟ್ಯೂಬ್‌ಲೈಟಿನ ಮಾತು ನಂಬಿ ಕೊಳ್ಳುವ ಹೆಂಗಸು ನಮ್ಮ ತಿಪಟೂರಿನಲ್ಲಿ ಇನ್ನೂ ಹುಟ್ಟಿಲ್ಲ. ಸೀರೆಯನ್ನೂ ಬಟ್ಟೆಯ ತುಂಡನ್ನೂ ಹಿಡಿದು ಮೆಟ್ಟಿಲಿಳಿದು, ಬಿಸಿಲಿನಲ್ಲಿ ಒಂದರ ಪಕ್ಕ ಒಂದಿಟ್ಟು ನೋಡಿದ ಮೇಲೆಯೇ ನಮ್ಮ ತೀರ್ಪು. ಈ ಬೆಳಿಗ್ಗೆಯೂ ಹಾಲು ಕಾಯಿಸಿ, ಯಜಮಾನರಿಗೆ ಕಾಫಿ ಕೊಟ್ಟು, ಅವರು ಕೊಬ್ಬರಿ ಧಾರಣೆಯ ಪುಟದ ಹಿಂದೆ ಅಂತರ್ಧಾನರಾದ ಮೇಲೆ, ದರ್ಜಿಗೆ ಕೊಡಬೇಕಿದ್ದ ತುಂಡನ್ನು ಹೊಂದಿಸಿ ನೋಡಲೆಂದು ಬೀರುವಿನ ತಳದಿಂದ ಹಳೆಯ ನೀಲಿ ಸೀರೆಯನ್ನು ಎಳೆದೆ. ಮಡಿಕೆಯಿಂದ ಪುಟ್ಟ ಡಬ್ಬಿಯೊಂದು ಉರುಳಿತು. ಏಳು ವರ್ಷದಿಂದ ನಾನು ತೆರೆಯದ ಡಬ್ಬಿ. ಒಳಗೆ, ಅತ್ತೆಯವರು ಹಗಲು ಹೊತ್ತು ಮಾತ್ರ ಧರಿಸುತ್ತಿದ್ದ, ನನಗೆ ಕೊಟ್ಟ ಮೇಲೆ ನಾನು ಧರಿಸದೆ ಎತ್ತಿಟ್ಟಿದ್ದ ನೀಲದ ಉಂಗುರ.

ಹಿತ್ತಿಲ ಬಿಸಿಲಿನಲ್ಲಿ ಅದು ನೀಲಿಯಾಗಿತ್ತು, ಅತ್ತೆಯವರ ಬೆರಳಲ್ಲಿದ್ದಾಗಿನಷ್ಟೇ ನೀಲಿ. ಸೀರೆಗೆ ತುಂಡು ಸರಿಯಾಗಿ ಹೊಂದಿತು, ಆದರೆ ನಾನು ಉಂಗುರವನ್ನೇ ತಿರುತಿರುಗಿಸಿ ನೋಡಿದೆ.

ಏಕೆಂದು ಹೇಳಿಬಿಡುತ್ತೇನೆ. ನೀಲ ಶನಿಯ ಕಲ್ಲು. ಆಗಿಬರುತ್ತದೋ ಇಲ್ಲವೋ ಎಂದು ಮೂರು ರಾತ್ರಿ ದಿಂಬಿನ ಕೆಳಗಿಟ್ಟು, ಬೀಳುವ ಕನಸುಗಳನ್ನು ನೋಡಿಯೇ ನಮ್ಮಲ್ಲಿ ಧರಿಸುವುದು. ದಂಡಿನಶಿವರದಲ್ಲಿರುವ ನನ್ನ ಓರಗಿತ್ತಿ ಗಿರಿಜಾ, ಹೊಸ ಕಲ್ಲು ಕೊಳ್ಳುವ ಮೊದಲು ಆ ಪರೀಕ್ಷೆಗೆಂದು ಈ ಉಂಗುರವನ್ನು ಒಯ್ದಿದ್ದಳು. ನಾಲ್ಕನೆಯ ದಿನ ದೀಪ ಹಚ್ಚುವ ಹೊತ್ತಿಗೆ ತಂದುಕೊಟ್ಟಳು. ದೇವರಕೋಣೆಯ ಹಳದಿ ಬಲ್ಬಿನಡಿ ಹಿಡಿದು ನೋಡಿದರೆ, ಕಲ್ಲು ನೇರಳೆಹಣ್ಣಿನ ಬಣ್ಣಕ್ಕಿತ್ತು. ದನಿ ಏರಿಸಬಾರದೆಂದು ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದರಲ್ಲ, ಹಾಗಾಗಿ ಬಹಳ ಮೆದುವಾಗಿ, ಸುಶಿಕ್ಷಿತಳಾಗಿ ಕೇಳಿದೆ: “ಇದು ನಮ್ಮದೇನಾ, ಗಿರಿಜಾ?”

ಏನೋ ಹೇಳಲು ತೆರೆದ ಬಾಯನ್ನು ಅವಳು ಮುಚ್ಚಿಕೊಂಡಳು. ಕುಂಕುಮವನ್ನೂ ಇಟ್ಟುಕೊಳ್ಳದೆ ಹೊರಟವಳು ಮತ್ತೆ ನಮ್ಮ ಹೊಸ್ತಿಲು ತುಳಿಯಲಿಲ್ಲ. ಕಲ್ಲು ಬದಲಾಗಿದೆಯೆಂದು ತೀರ್ಮಾನಿಸಿ ಆಗಲೇ ಡಬ್ಬಿ ಮುಚ್ಚಿದೆ. ಮುಕ್ಕಾಲು ಮೀಟರು ಬಟ್ಟೆಗೆ ಕೊಡುವ ಬಿಸಿಲಿನ ನ್ಯಾಯವನ್ನು ಓರಗಿತ್ತಿಗೆ ಕೊಡಲಿಲ್ಲ.

ಇವತ್ತು ಉಂಗುರವನ್ನು ಬೆರಳಿಗೇರಿಸಿಕೊಂಡೇ ಪೇಟೆಗೆ ಹೊರಟೆ. ಗೇಟಿನ ಬಳಿ ಹೂವು ಕೊಳ್ಳುತ್ತಿದ್ದ ಪಕ್ಕದ ಮನೆಯ ಸರೋಜಮ್ಮ ನನ್ನ ಕೈ ಹಿಡಿದು, ಆಹಾ ಎಂಥ ನೀಲಿ ಎಂದರು. ಪೇಟೆಯಲ್ಲಿ ಉಂಗುರಕ್ಕೆ ಕಲ್ಲು ಕೂರಿಸುವ ಮುದುಕರು ಅದನ್ನು ಅಂಗಡಿಯ ಬಾಗಿಲಿಗೆ ತಂದು ನೋಡಿದರು, ಆಮೇಲೆ ತಮ್ಮ ಮಣೆಯ ಮೇಲಿನ ಹಳೇ ಬಲ್ಬಿನಡಿ ಹಿಡಿದರು. ನೀಲಿ ನನ್ನ ಕಣ್ಣೆದುರೇ ನೇರಳೆಗೆ ತಿರುಗಿತು.

“ಕಲ್ಲು ಅದೇ ಕಣಮ್ಮ. ಬೆಳಕು ಬೇರೆ.”

ನೀಲದ ಜಾತಿ ಅಂದರೆ ನೀಲಿಯೊಂದೇ ಅಲ್ಲವಂತೆ. ಮಣ್ಣಿನೊಳಗೆ ಹಳದಿಯಾಗಿ, ಹಸಿರಾಗಿ, ಗುಲಾಬಿಯಾಗಿಯೂ ಹುಟ್ಟುತ್ತದಂತೆ, ಕೆಂಪಾಗಿ ಹುಟ್ಟಿದರೆ ಮಾತ್ರ ಮಾಣಿಕ್ಯವೆನಿಸಿಕೊಳ್ಳುತ್ತದಂತೆ. ಹೀಗೆ ಹಗಲಿಗೊಂದು ದೀಪಕ್ಕೊಂದು ಬಣ್ಣ ತೋರುವುದು ತೀರ ಅಪರೂಪ, ಇಷ್ಟು ವರ್ಷದಲ್ಲಿ ತಮ್ಮ ಕೈಗೆ ಬಂದದ್ದು ಇದು ಎರಡನೆಯದು ಎಂದು ಅವರು ಸಂತೋಷಪಟ್ಟರು. ಆ ಸಂತೋಷದಲ್ಲಿ ಪಾಲು ತೆಗೆದುಕೊಳ್ಳಲು ನನ್ನಿಂದಾಗಲಿಲ್ಲ. ದರ್ಜಿಯ ನೆನಪೂ ಆಗದೆ, ಚೀಲದ ಬಟ್ಟೆ ಚೀಲದಲ್ಲೇ ಇದ್ದ ಹಾಗೆ ಮನೆಗೆ ಬಂದೆ.

ಮಧ್ಯಾಹ್ನ ಗಿರಿಜಾಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ, ತಪ್ಪಾಯಿತೆಂದೆ. ಆಚೆಯಿಂದ ಕೊಟ್ಟಿಗೆಯ ಗಂಟೆಯ ಸದ್ದು ಕೇಳುತ್ತಿತ್ತು.

“ನಂಗೊತ್ತಿತ್ತು ಕಣಕ್ಕ,” ಎಂದಳು. “ದಿಂಬಿನ ಕೆಳಗಿಂದ ತಗ್ದು ಬಲ್ಬಲ್ಲಿ ನೋಡಿದ್ದೆ. ನಿಮಗೂ ತೋರ್ಸಾಣ ಅಂತ್ಲೇ ದೀಪ ಹಚ್ಚೋ ಹೊತ್ತಿಗೆ ಬಂದಿದ್ದು. ನೀವು ಹಂಗ್ ಕೇಳಿದ್ಮೇಲೆ ನಾನ್ ಹೇಳಿದ್ರೆ ಯಾರ್ ನಂಬೋರು?”

ನಾನು ನಂಬುತ್ತಿದ್ದೆ ಎಂದೆ. ಒಂದು ಸಲ ಮನೆಗೆ ಬಾ ಎಂದು ಕರೆದೆ. ಹಸು ಈಯುವುದರಲ್ಲಿದೆ, ಬರೋಕಾಗಲ್ಲ ಬುಡಿ ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಕರಗಿಸಲು ಏನಾದರೂ ಉಳಿದಿರುತ್ತಿತ್ತು.

ಸಂಜೆ ಕರೆಂಟು ಹೋಗಿತ್ತು. ದೇವರ ದೀಪದ ಮುಂದೆ ಕುಳಿತು ಚೀಲದಿಂದ ಬಟ್ಟೆ ತೆಗೆದರೆ, ಬೆಳಿಗ್ಗೆ ಹೇಳಿಮಾಡಿಸಿದಂತಿದ್ದ ತುಂಡಿಗೂ ಸೀರೆಗೂ ಈಗ ಸಂಬಂಧವೇ ಇರಲಿಲ್ಲ. ಕರಿಬೇವು ಕೇಳಿಕೊಂಡು ಬಂದ ಸರೋಜಮ್ಮನ ಕಣ್ಣು ನನ್ನ ಬೆರಳಿಗೆ ಬಿತ್ತು. ಬೆಳಿಗ್ಗೆಯ ನೀಲಿ ಎಲ್ಲಿ, ಇದ್ಯಾವುದು ನೇರಳೆ ಎಂದು ಕೇಳಿದರು. ಬಿಸಿಲು, ದೀಪ, ಕಲ್ಲು ಕೂರಿಸುವವರು ಹೇಳಿದ್ದು, ಎಲ್ಲವನ್ನೂ ವಿವರಿಸಿದೆ. ವಿವರಿಸಿದಷ್ಟೂ ನನ್ನ ದನಿ ನನಗೇ ಸುಳ್ಳಾಡುವವಳ ದನಿಯಂತೆ ಕೇಳಿಸತೊಡಗಿತು. ಸರೋಜಮ್ಮ ಕರಿಬೇವನ್ನು ಸೆರಗಿಗೆ ಸುರಿದುಕೊಂಡು ಎದ್ದರು.

“ಇರ್ಬೋದು ಬುಡ್ರೀ. ನೀವು ಯಾವ್ದು ಹಾಕ್ಕಂಡ್ರೆ ನಂಗೇನು, ಸುಮ್ನೆ ಕೇಳ್ದೆ.”